ಎಂಬಿಎ, ಪಾಸ್‌ಪೋರ್ಟ್ ಮತ್ತು ಹಾಳೆ ತಟ್ಟೆ

ಇತ್ತೀಚಿನ ಎಂಬಿಎ ಕಾಲೇಜುಗಳ ಬ್ರೋಷರ್ ನೋಡಿದ್ದೀರಾ? ಹಲವು ಬ್ರೋಷರುಗಳಲ್ಲಿ ಒಂದೇ ಥರದ ಫೋಟೋ ಇರುತ್ತದೆ. ಇಪ್ಪತ್ತು ಇಪ್ಪತ್ತೈದು ಹುಡುಗ ಹುಡುಗಿಯರು, ಎಲ್ಲರ ಮೈಮೇಲೂ ಕಪ್ಪು ಬ್ಲೇಜರ್, ಹಿಂದೆ ದುಬೈಯದ್ದೋ ಸಿಂಗಾಪುರದ್ದೋ ಒಂದು ಗಾಜಿನ ಕಟ್ಟಡ. ಕೆಳಗೆ ‘ಗ್ಲೋಬಲ್ ಕನ್ಸಲ್ಟಿಂಗ್ ಪ್ರಾಜೆಕ್ಟ್’ ಅಂತ ಬರೆದಿರುತ್ತದೆ. ಅದರ ಕೆಳಗೆ ಎರಡು ಭರವಸೆ: ವಿದ್ಯಾರ್ಥಿ ಬೆಳೆಯುತ್ತಾನೆ, ಕೆಲಸ ಬೇಗ ಸಿಗುತ್ತದೆ.

ಈ ಎರಡು ಭರವಸೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಒಂದು ಷರತ್ತಿನ ಮೇಲೆ ನಿಜ. ಆದರೆ ಆ ಷರತ್ತು ಬ್ರೋಷರಿನಲ್ಲಿ ಅಚ್ಚಾಗಿರುವುದಿಲ್ಲ, ಅದೇ ನನ್ನ ತಕರಾರು.

ಮೊದಲು ಈ ಐಡಿಯಾ ಎಲ್ಲಿಂದ ಬಂತು ನೋಡುವ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್ 1992ರಲ್ಲಿ ‘ಮ್ಯಾಪ್’ ಎಂಬ ಯೋಜನೆ ಶುರು ಮಾಡಿತು. ಮೊದಲ ವರ್ಷದ ಎಂಬಿಎ ವಿದ್ಯಾರ್ಥಿಗಳು ಏಳು ವಾರ ಕ್ಲಾಸ್ ಬಿಟ್ಟು ಒಂದು ನಿಜವಾದ ಸಂಸ್ಥೆಯ ನಿಜವಾದ ಸಮಸ್ಯೆಯ ಮೇಲೆ ಕೆಲಸ ಮಾಡಬೇಕು. ಎಂಐಟಿಯ ಸ್ಲೋನ್ ಸ್ಕೂಲ್ 2000ದಲ್ಲಿ ‘ಜಿ-ಲ್ಯಾಬ್’ ಶುರು ಮಾಡಿತು. ಅಲ್ಲಿ ನಾಲ್ಕು ನಾಲ್ಕು ಜನರ ತಂಡ. ಮೊದಲು ತಿಂಗಳುಗಟ್ಟಲೆ ಕುಳಿತಲ್ಲಿಂದಲೇ ಹೊರದೇಶದ ಒಂದು ಸಣ್ಣ ಕಂಪನಿಯ ಸಮಸ್ಯೆ ಅರ್ಥ ಮಾಡಿಕೊಳ್ಳುತ್ತಾರೆ, ಆಮೇಲೆ ಜನವರಿಯಲ್ಲಿ ಅಲ್ಲಿಗೇ ಹೋಗಿ ಮೂರು ವಾರ ಕೂರುತ್ತಾರೆ. ಕೇಸ್ ಸ್ಟಡಿಗೆ ಜಗತ್ಪ್ರಸಿದ್ಧವಾದ ಹಾರ್ವರ್ಡ್ ಕೂಡ 2011ರಲ್ಲಿ ‘ಫೀಲ್ಡ್’ ಎಂಬ ಕೋರ್ಸ್ ಕಡ್ಡಾಯ ಮಾಡಿ ಮಕ್ಕಳನ್ನು ಹೊರದೇಶಗಳಿಗೆ ಕಳಿಸತೊಡಗಿತು. ಐಬಿಎಂ 2008ರಿಂದ ತನ್ನ ಉದ್ಯೋಗಿಗಳನ್ನೇ ತಂಡ ಮಾಡಿ, ಬೆಳೆಯುತ್ತಿರುವ ದೇಶಗಳ ಸಂಸ್ಥೆಗಳಿಗೆ ಒಂದು ತಿಂಗಳು ಉಚಿತವಾಗಿ ಕೆಲಸ ಮಾಡಿಕೊಡಲು ಕಳಿಸಿತು.

ಇವರೆಲ್ಲ ಹಾಗೆ ಮಾಡಿದ್ದಕ್ಕೆ ಕಾರಣ ಸರಳ. ಕ್ಲಾಸಿನಲ್ಲಿ ಓದುವ ಕೇಸ್‌ನಲ್ಲಿ ಸಮಸ್ಯೆ ಯಾವುದು ಅಂತ ಯಾರೋ ಮೊದಲೇ ಬರೆದಿಟ್ಟಿರುತ್ತಾರೆ. ಬೇಕಾದ ಲೆಕ್ಕ ಕೊನೆಯ ಪುಟದಲ್ಲಿರುತ್ತದೆ. ಹೊರಗೆ ಹಾಗಿಲ್ಲ. ಅಲ್ಲಿ ಸಮಸ್ಯೆಯನ್ನೇ ಹುಡುಕಬೇಕು, ಲೆಕ್ಕ ಯಾರ ಡ್ರಾಯರಿನಲ್ಲಿ ಉಂಟು ಅಂತ ಪತ್ತೆ ಮಾಡಬೇಕು, ಕೊಡಲೊಲ್ಲದವರನ್ನು ಮಾತಾಡಿಸಬೇಕು.

ನಾನು ಎಂಬಿಎ ಮಾಡಿದವನಲ್ಲ. ಬೆಳ್ತಂಗಡಿ ತಾಲೂಕಿನ ಹಳ್ಳಿಯಲ್ಲಿ ಬೆಳೆದು, ಬಿಇ ಮುಗಿಸಿ ಸಾಫ್ಟ್‌ವೇರಿಗೆ ಬಂದವನು. ಆದರೆ ಈ ವಿದೇಶಿ ಪ್ರಾಜೆಕ್ಟಿಗೆ ನಮ್ಮ ಉದ್ಯೋಗದಲ್ಲಿ ಒಬ್ಬ ಅಣ್ಣ ಇದ್ದಾನೆ. ಅವನ ಹೆಸರು ‘ಆನ್‌ಸೈಟ್’. ಅವನ ಪರಿಚಯ ನನಗೆ ಚೆನ್ನಾಗಿ ಉಂಟು.

ಒಂದೂವರೆ ವರ್ಷ ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಒಂದು ವಿಮಾ ಕಂಪನಿಯ ಕ್ಲೇಮ್ ಸಾಫ್ಟ್‌ವೇರಿಗೆ ಕೋಡ್ ಬರೆದಿದ್ದೆ. ಅದರಲ್ಲಿ ಕ್ಲೇಮ್ ತಿರಸ್ಕರಿಸಲು ಕಾರಣ ಏನು ಅಂತ ಆರಿಸುವ ಒಂದು ಕಾಲಂ ಇತ್ತು. ನಲವತ್ತು ಕಾರಣಗಳ ಪಟ್ಟಿ. ಆ ಕಾಲಂ ಆಧರಿಸಿ ತಿಂಗಳಿಗೊಂದು ಚಂದದ ವರದಿ ಬರುವ ಹಾಗೆ ನಾವು ಮಾಡಿಕೊಟ್ಟಿದ್ದೆವು. ಆಮೇಲೆ ನಾಲ್ಕು ತಿಂಗಳಿಗೆ ಅಲ್ಲಿಗೆ ಹೋದೆ. ಎರಡನೇ ವಾರ ಕ್ಲೇಮ್ ವಿಭಾಗದ ಒಬ್ಬ ಹಿರಿಯ ಹೆಂಗಸಿನ ಪಕ್ಕ ಕುಳಿತು ಅವರು ಕೆಲಸ ಮಾಡುವುದನ್ನು ನೋಡಿದೆ. ಅವರು ಪ್ರತಿ ಕ್ಲೇಮಿಗೂ ಪಟ್ಟಿಯ ಕೊನೆಯ ‘ಇತರೆ’ ಒತ್ತುತ್ತಿದ್ದರು. ಯಾಕೆ ಅಂತ ಕೇಳಿದೆ. ನಲವತ್ತು ಸಾಲು ಓದುತ್ತಾ ಕೂತರೆ ದಿನದ ಟಾರ್ಗೆಟ್ ಮುಗಿಯುವುದಿಲ್ಲ ಅಂದರು. ಆ ಇಡೀ ಕೋಣೆಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಮೇಲಿನವರು ಪ್ರತಿ ತಿಂಗಳೂ ಆ ವರದಿ ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು.

ಇದು ಯಾವ ಡಾಕ್ಯುಮೆಂಟಿನಲ್ಲೂ ಇರಲಿಲ್ಲ, ಯಾವ ಕಾನ್ಫರೆನ್ಸ್ ಕಾಲಿನಲ್ಲೂ ಬಂದಿರಲಿಲ್ಲ. ಪಕ್ಕದಲ್ಲಿ ಕೂರದೆ ಗೊತ್ತಾಗುವ ವಿಷಯವೇ ಅಲ್ಲ. ಹಾಗಾಗಿ ಹೊರದೇಶಕ್ಕೆ ಹೋಗುವುದರಿಂದ ಏನು ಸಿಗುತ್ತದೆ ಅಂತ ಕೇಳಿದರೆ ನನ್ನ ಅನುಭವದ ಪ್ರಕಾರ ಮೂರು ಸಿಗುತ್ತದೆ. ಒಂದು, ನೀವು ಪರಕೀಯರು, ಆದ್ದರಿಂದ ಊರಿನವರು ಕೇಳಲು ನಾಚುವ ದಡ್ಡ ಪ್ರಶ್ನೆಯನ್ನು ಧೈರ್ಯದಿಂದ ಕೇಳಬಹುದು. ಎರಡು, ನಿಮ್ಮ ಮೇಷ್ಟ್ರಲ್ಲದ, ನಿಮಗೆ ಮಾರ್ಕ್ ಕೊಡುವ ದರ್ದಿಲ್ಲದ ಒಬ್ಬರು ‘ಇದರಿಂದ ನಮಗೆ ಉಪಯೋಗವಿಲ್ಲ’ ಅಂತ ಮುಖಕ್ಕೆ ಹೇಳುತ್ತಾರೆ. ಮೂರು, ನಿಮ್ಮ ಇಂಗ್ಲಿಷೂ ಅವರ ಇಂಗ್ಲಿಷೂ ಬೇರೆ, ಹಾಗಾಗಿ ದೊಡ್ಡ ಪದಗಳು ಕೈಕೊಡುತ್ತವೆ, ಸಣ್ಣ ವಾಕ್ಯದಲ್ಲಿ ವಿಷಯ ಹೇಳಲು ಕಲಿಯುತ್ತೀರಿ. ಬೆಳವಣಿಗೆ ಅಂದರೆ ಇದು.

ಈಗ ಹೇಳಿ, ಹತ್ತು ದಿನದ ಟೂರಿನಲ್ಲಿ ಈ ಮೂರರಲ್ಲಿ ಎಷ್ಟು ಸಿಗುತ್ತದೆ?

ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಬೆಂಗಳೂರಿನಲ್ಲಿ ಎಂಬಿಎ ಓದುತ್ತಿದ್ದಾಳೆ. ಮನೆ ಊರಲ್ಲಿ, ಎರಡೆಕರೆ ಅಡಿಕೆ ತೋಟ. “ಅಣ್ಣಾ, ಕಾಲೇಜಿಂದ ಫಾರಿನ್ ಪ್ರಾಜೆಕ್ಟ್ ಉಂಟಂತೆ. ಹತ್ತು ದಿನ, ಎರಡೂವರೆ ಲಕ್ಷ. ಹೋದವರಿಗೆ ಪ್ಲೇಸ್‌ಮೆಂಟಿಗೆ ಒಳ್ಳೇದಂತೆ. ಹೋಗುದಾ ಬೇಡ್ವಾ ಹೇಳು” ಅಂದಳು. ನಾನು ಕಾರ್ಯಕ್ರಮದ ಪಟ್ಟಿ ಕಳಿಸು ಅಂದೆ. ಕಳಿಸಿದಳು. ಒಂದು ಬಂದರು, ಎರಡು ಬ್ಯಾಂಕು, ಒಂದು ವಿಶ್ವವಿದ್ಯಾಲಯದಲ್ಲಿ ಎರಡು ಉಪನ್ಯಾಸ, ಒಂದು ಸ್ಟಾರ್ಟಪ್ ಕಚೇರಿ, ಒಂದು ದಿನ ‘ಸಿಟಿ ಟೂರ್’, ಕೊನೆಯ ದಿನ ‘ಕನ್ಸಲ್ಟಿಂಗ್ ಪ್ರೆಸೆಂಟೇಶನ್’. ಯಾರಿಗೆ ಪ್ರೆಸೆಂಟೇಶನ್ ಅಂತ ಕೇಳಿದೆ. “ನಮ್ಮ ಸರ್‌ಗೇ ಅಣ್ಣಾ, ಹೋಟೆಲಲ್ಲಿ” ಅಂದಳು.

ಹೋಟೆಲಲ್ಲಿ, ತಮ್ಮದೇ ಸರ್‌ಗೆ. ಅದಕ್ಕೆ ವಿಮಾನ ಯಾಕೆ ಮಾರಾಯ್ರೆ?

ಚಿಕ್ಕಪ್ಪ ಬೇಡ ಅನ್ನಲಿಲ್ಲ. “ಮಗಳು ಕೇಳ್ತಾ ಉಂಟು, ಹೇಗಾದ್ರೂ ಮಾಡುವ” ಅಂದರು. ಈ ‘ಹೇಗಾದ್ರೂ ಮಾಡುವ’ ಎಂಬ ಮಾತಿನ ತೂಕ ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಅವಳ ಸಾಲ ಅಷ್ಟೊತ್ತಿಗೆ ಏಳು ಲಕ್ಷದ ಹತ್ತಿರ ಇತ್ತು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತಾರೆ. ಅಂದರೆ ಈ ಹತ್ತು ದಿನದ ಟೂರಿಗಾಗಿ ತೋಟದ ಆರ್‌ಟಿಸಿ ಬ್ಯಾಂಕಿನ ಕಪಾಟು ಸೇರಬೇಕು. ಅದೂ ಎಲೆಚುಕ್ಕಿ ರೋಗ ಬಂದು ಅಡಿಕೆ ಬೆಳೆಗಾರರು ಕಂಗಾಲಾಗಿರುವ ಹೊತ್ತಿನಲ್ಲಿ. ಬ್ರೋಷರ್ ಬರೆಯುವವರಿಗೆ ಎರಡೂವರೆ ಲಕ್ಷ ಒಂದು ‘ಅಡಿಷನಲ್ ಫೀ’, ಅಷ್ಟೆ.

ಟೂರ್ ಹೋಗುವುದು ತಪ್ಪಲ್ಲ. ಐದನೇ ಕ್ಲಾಸಿನಲ್ಲಿ ನಮ್ಮನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋಗಿದ್ದರು. ಕಂಬ ಎಣಿಸಲು ಹೊರಟವರು ಅರವತ್ತಕ್ಕೆ ಲೆಕ್ಕ ತಪ್ಪಿ ಬಿಟ್ಟೆವು. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅಂತ ಮೇಷ್ಟ್ರು ಹೇಳಿದ್ದು ಇವತ್ತಿಗೂ ನೆನಪಿದೆ. ತುಂಬ ಖುಷಿಯಾಗಿತ್ತು. ಆದರೆ ‘ವಾಸ್ತುಶಿಲ್ಪ ಸಂಶೋಧನೆ ಮಾಡಿ ಬಂದಿದ್ದಾರೆ’ ಅಂತ ನಮಗೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ಟೂರನ್ನು ಟೂರ್ ಅಂತಲೇ ಕರೆಯಿರಿ, ಅದರ ರೇಟಿಗೇ ಮಾರಿ. ಕನ್ಸಲ್ಟಿಂಗ್ ಅಂತ ಹೆಸರಿಟ್ಟು ದುಪ್ಪಟ್ಟು ವಸೂಲಿ ಮಾಡುವುದಕ್ಕೆ ನನ್ನ ವಿರೋಧ.

ಇನ್ನು ಕೆಲಸದ ವಿಷಯ. ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ‘ಆಳ್ವಾಸ್ ಪ್ರಗತಿ’ ಉದ್ಯೋಗ ಮೇಳ ನಡೆಯುತ್ತದಲ್ಲ, ಅಲ್ಲಿ ಬೆಳಿಗ್ಗೆ ಫೈಲ್ ಹಿಡಿದು ನಿಲ್ಲುವ ಸಾಲನ್ನು ನೋಡಿದವರಿಗೆ ಸ್ಪರ್ಧೆ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಅಂಥ ಸಾಲಿನಲ್ಲಿ ರೆಸ್ಯೂಮೆಯ ಮೇಲೆ ಒಂದು ವಿದೇಶದ ಹೆಸರಿದ್ದರೆ ಕಣ್ಣು ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ, ಅದು ನಿಜ. ಆದರೆ ಒಂದು ಕ್ಷಣ ಮಾತ್ರ. ಆಮೇಲೆ ಎದುರಿಗೆ ಕುಳಿತವರು ಪ್ರಶ್ನೆ ಕೇಳುತ್ತಾರೆ.

ನಮ್ಮ ಕಂಪನಿಯಲ್ಲಿ ಬಿಸಿನೆಸ್ ಅನಲಿಸ್ಟ್‌ಗಳನ್ನು ತೆಗೆದುಕೊಳ್ಳುವಾಗ ಆ ಎದುರಿನ ಕುರ್ಚಿಯಲ್ಲಿ ಕೆಲವು ಸಲ ನಾನೂ ಕೂರುತ್ತೇನೆ. ಪ್ರಾಜೆಕ್ಟ್ ಮಾಡಿದ್ದೇನೆ ಅನ್ನುವ ಎಲ್ಲರಿಗೂ ನನ್ನದು ಒಂದೇ ಪ್ರಶ್ನೆ: ‘ನೀವು ಕೊಟ್ಟ ಸಲಹೆ ಕೇಳಿ ಅವರು ಏನು ಮಾಡಿದರು?’ ಒಮ್ಮೆ ಒಬ್ಬ ಹುಡುಗ ಹೊರದೇಶದ ದೊಡ್ಡ ಬಂದರಿನ ‘ಸಪ್ಲೈ ಚೈನ್ ಪ್ರಾಜೆಕ್ಟ್’ ಬಗ್ಗೆ ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದ. ಈ ಪ್ರಶ್ನೆ ಕೇಳಿದಾಗ ಸುಮ್ಮನಾದ. ಅವನು ಸುಳ್ಳುಗಾರನಲ್ಲ, ಒಳ್ಳೆಯ ಹುಡುಗ. ಆದರೆ ಅವನ ಸಲಹೆಯನ್ನು ಅಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ಅದೇ ದಿನ ಮಧ್ಯಾಹ್ನ ಬಂಟ್ವಾಳದ ಕಡೆಯ ಒಬ್ಬ ಬಂದ. ಅವನದ್ದು ಒಂದು ಗೋಡಂಬಿ ಕಾರ್ಖಾನೆಯಲ್ಲಿ ಆರು ವಾರದ ಪ್ರಾಜೆಕ್ಟ್. ಇಡೀ ಗೋಡಂಬಿಗೂ ಒಡೆದ ಗೋಡಂಬಿಗೂ ರೇಟಿನಲ್ಲಿ ಎಷ್ಟು ಅಂತರ ಅಂತ ನಮಗೆಲ್ಲ ಗೊತ್ತೇ ಇದೆ. ಆ ಕಾರ್ಖಾನೆಯಲ್ಲಿ ಕೆಲವು ದಿನ ಚೂರು ಜಾಸ್ತಿ ಬರುತ್ತಿತ್ತು. ಆಫ್ರಿಕಾದಿಂದ ಬಂದ ಬೀಜವೇ ಸರಿ ಇಲ್ಲ ಅಂತ ಮಾಲೀಕರ ನಂಬಿಕೆ. ಇವನು ದಿನಾ ಲಾಟ್ ಪ್ರಕಾರ ಬರೆದಿಟ್ಟ. ನೋಡಿದರೆ ಆಫ್ರಿಕಾದ್ದಲ್ಲ ತಕರಾರು. ಆರ್ಡರ್ ಅರ್ಜೆಂಟ್ ಇದ್ದ ದಿನಗಳಲ್ಲಿ ಹಬೆಯಲ್ಲಿ ಬೇಯಿಸಿದ ಬೀಜವನ್ನು ಪೂರ್ತಿ ಆರುವ ಮೊದಲೇ ಕಟ್ಟಿಂಗಿಗೆ ಹಾಕುತ್ತಿದ್ದರು. ‘ಮಾಲೀಕರು ಏನು ಮಾಡಿದರು?’ ಅಂತ ಕೇಳಿದೆ. “ಆರಿಸುವ ಹೊತ್ತು ಜಾಸ್ತಿ ಮಾಡಿದ್ರು ಸಾರ್. ಹೊಸ ಮೆಷಿನ್ ತೆಗೊಳ್ಳಿ ಅಂತಲೂ ಹೇಳಿದ್ದೆ, ಅದಕ್ಕೆ ಬೈದ್ರು” ಅಂದ. ನಾವೆಲ್ಲ ನಕ್ಕೆವು. ಕೆಲಸ ಅವನಿಗೆ ಸಿಕ್ಕಿತು.

ಆ ಬೈಗುಳವೇ ಅವನ ಅಸಲಿ ಸರ್ಟಿಫಿಕೇಟು. ಬೈಯುವಷ್ಟು ಗಂಭೀರವಾಗಿ ಒಬ್ಬ ಮಾಲೀಕ ನಿಮ್ಮ ಮಾತನ್ನು ಕೇಳಿದ್ದಾನೆ ಅಂತಾದರೆ ಅಲ್ಲಿ ಕನ್ಸಲ್ಟಿಂಗ್ ನಡೆದಿದೆ.

ಹೀಗೆಂದ ಕೂಡಲೇ ‘ಹಾಗಾದರೆ ಊರಲ್ಲೇ ಇರಿ ಅಂತೀರಾ?’ ಅಂತ ಜಗಳಕ್ಕೆ ಬರುವವರಿದ್ದಾರೆ. ಅವರ ಮಾತಲ್ಲಿ ನ್ಯಾಯ ಇದೆ. ಬೆಂಗಳೂರಿನ ಡಾಕ್ಟರ ಮಗನಿಗೆ ಹತ್ತನೇ ಕ್ಲಾಸಿನೊಳಗೆ ಪಾಸ್‌ಪೋರ್ಟಿನ ಅರ್ಧ ಪುಟ ತುಂಬಿರುತ್ತದೆ. ಹೊರಗಿನ ಗಾಳಿ ಹೆಚ್ಚು ಬೇಕಾದದ್ದು ನಾರಾವಿ, ವೇಣೂರು, ವಿಟ್ಲದ ಮಕ್ಕಳಿಗೆ. ನನಗೇ ಮೊದಲ ವಿಮಾನ ಹತ್ತಿದ ಮೇಲೆ ಇಂಗ್ಲಿಷಿನ ಹೆದರಿಕೆ ಅರ್ಧ ಇಳಿಯಿತು. ಆದರೆ ಈಗಿನ ವ್ಯವಸ್ಥೆಯಲ್ಲಿ ಹೋಗುವವರು ಯಾರು? ದುಡ್ಡಿದ್ದವರು ಹೋಗುತ್ತಾರೆ, ಇಲ್ಲದವರು ಸಾಲ ಮಾಡಿ ಹೋಗುತ್ತಾರೆ, ಅದೂ ಆಗದವರು ಹಾಸ್ಟೆಲಿನಲ್ಲಿ ಕೂತು ಗೆಳೆಯರ ಸ್ಟೇಟಸ್ ನೋಡುತ್ತಾರೆ. ಆಮೇಲೆ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ‘ಗ್ಲೋಬಲ್ ಎಕ್ಸ್‌ಪೋಷರ್ ಇದ್ದವರಿಗೆ ಹೆಚ್ಚು ಪ್ಯಾಕೇಜ್’ ಅಂತ ಕಾಲೇಜು ಹಾಕಿಕೊಳ್ಳುತ್ತದೆ. ಪ್ಯಾಕೇಜ್ ಹೆಚ್ಚಾದದ್ದು ಹತ್ತು ದಿನದ ಟೂರಿನಿಂದಲೋ, ಟೂರಿಗೆ ಮೊದಲೇ ಇದ್ದ ಇಂಗ್ಲಿಷ್ ಮೀಡಿಯಂ, ಅಪ್ಪನ ಸಂಪರ್ಕ, ಆತ್ಮವಿಶ್ವಾಸದಿಂದಲೋ? ನಾವು ಸಾಫ್ಟ್‌ವೇರಿನವರು ಒಂದು ಬದಲಾವಣೆ ಕೆಲಸ ಮಾಡಿತಾ ಅಂತ ನೋಡಲು ಎರಡೂ ಕಡೆ ಒಂದೇ ಥರದ ಜನರನ್ನಿಟ್ಟು ಹೋಲಿಸುತ್ತೇವೆ. ಬ್ರೋಷರ್ ಆ ಹೋಲಿಕೆಯ ತಂಟೆಗೆ ಹೋಗುವುದೇ ಇಲ್ಲ.

ಹೊರಗಿನ ಜ್ಞಾನಕ್ಕೂ ನಮ್ಮೂರಿಗೂ ಇರುವ ಸಂಬಂಧ ಹಳೆಯದು. ಧರ್ಮಸ್ಥಳದ ಪಕ್ಕದಿಂದ ಬಂಟ್ವಾಳಕ್ಕೆ ಬಂದು, ಮುಂದೆ ಮಂಗಳೂರಿನಲ್ಲಿ ಕಡಲು ಸೇರುವ ನೇತ್ರಾವತಿಯ ಜೇಡಿಮಣ್ಣು ಶತಮಾನಗಳಿಂದ ಅಲ್ಲೇ ಇತ್ತು. ಬಾಸೆಲ್ ಮಿಶನ್ನಿನ ಪ್ರೆಸ್ ಕೆಲಸಕ್ಕೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಆ ಮಣ್ಣಿನ ಮೇಲೆ ಪ್ರಯೋಗ ಮಾಡಿ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ. ಮುಂದೆ ಸ್ಥಳೀಯರೂ ಕಾರ್ಖಾನೆ ಹಾಕಿದರು, ಮಂಗಳೂರು ಹಂಚು ದೇಶವಿಡೀ ಹೋಯಿತು. ಹೊರಗಿನವನ ಕಣ್ಣಿಗೆ ಎಷ್ಟು ಬೆಲೆ ಉಂಟು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅವನು ಮಣ್ಣು ನೋಡಿ ಫೋಟೋ ತೆಗೆಸಿಕೊಂಡು ಹನ್ನೊಂದನೇ ದಿನ ವಾಪಸ್ ಹೋಗಲಿಲ್ಲ.

ಉಲ್ಟಾ ದಾರಿಯೂ ಉಂಟು. 1982ರಲ್ಲಿ ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತು. ಕೆಲಸ ಇಲ್ಲದ ಹಳ್ಳಿಯ ಯುವಕರಿಗೆ ಕೆಲವು ವಾರ ಉಚಿತ ತರಬೇತಿ, ಆಮೇಲೆ ಬ್ಯಾಂಕ್ ಸಾಲ ಸಿಗುವವರೆಗೆ, ಅಂಗಡಿ ನಿಲ್ಲುವವರೆಗೆ ಬೆನ್ನ ಹಿಂದೆ ನಿಲ್ಲುವುದು. ಆ ಮಾದರಿ ಎಷ್ಟು ಗಟ್ಟಿ ಅಂದರೆ, ಕೇಂದ್ರ ಸರ್ಕಾರ ಅದನ್ನೇ ಹಿಡಿದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಸಂಸ್ಥೆ ತೆರೆಯಲು ಬ್ಯಾಂಕುಗಳಿಗೆ ಹೇಳಿತು. ಪಕ್ಕದ ಪುತ್ತೂರಿಗೆ ಹೋಗಿ. 1980ರ ಆಸುಪಾಸು ಜಗತ್ತಿನ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಬಿದ್ದು ಕೊಳ್ಳುವವರು ಹಿಂದೆ ಸರಿದಾಗ, ಅಡಿಕೆಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಕೋಕೋ ಖರೀದಿಗೆ ಇಳಿಯಿತು, 1986ರಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಕಲ್ಲಡ್ಕಕ್ಕೆ ಹೋಗಿ. ಹಾಲೂ ಚಹಾವೂ ಪದರ ಪದರವಾಗಿ ನಿಲ್ಲುವ ಕೆ.ಟಿ.ಯ ಹೆಸರು ಬೆಂಗಳೂರಿನ ಬೋರ್ಡುಗಳವರೆಗೆ ಬಂದಿದೆ. ಈಗ ಆ ಪೇಟೆಯ ತಲೆಯ ಮೇಲೆ ಹೆದ್ದಾರಿಯ ಫ್ಲೈಓವರ್. ಮೇಲೆ ಹೋಗುವ ಕಾರನ್ನು ಕೆಳಗಿನ ಹೋಟೆಲಿಗೆ ಇಳಿಸುವುದು ಹೇಗೆ? ಯಾವ ಬಿಸಿನೆಸ್ ಸ್ಕೂಲಿನಲ್ಲೂ ಉತ್ತರ ಸಿದ್ಧವಿಲ್ಲದ ಪ್ರಶ್ನೆ ಇದು, ಬಿ.ಸಿ. ರೋಡಿನಿಂದ ಬಸ್ಸಿನಲ್ಲಿ ಹೋಗಿ ಬರಬಹುದು.

ಹಾಗಾದರೆ ಹೊರದೇಶಕ್ಕೇ ಹೋಗಬೇಕಾದ ಪ್ರಶ್ನೆ ಯಾವುದು? ಇದೆ. ಬೆಳ್ತಂಗಡಿ ಕಡೆ ಅಡಿಕೆ ಹಾಳೆಯಿಂದ ತಟ್ಟೆ, ಬಟ್ಟಲು ಮಾಡುವ ಸಣ್ಣ ಸಣ್ಣ ಘಟಕಗಳಿವೆ. ಒಂದು ಶೆಡ್ಡು, ಒಂದೆರಡು ಪ್ರೆಸ್ ಮೆಷಿನ್, ಊರಿನ ಐದಾರು ಹೆಂಗಸರಿಗೆ ಕೆಲಸ. ನಮ್ಮ ಜಿಲ್ಲೆಯ ಹಾಳೆ ತಟ್ಟೆ ರಫ್ತುದಾರರ ಕೈ ದಾಟಿ ಅಮೆರಿಕದವರೆಗೂ ಹೋಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಸುರಕ್ಷತೆ ನೋಡುವ ಸಂಸ್ಥೆ ಎಫ್‌ಡಿಎ, ಅಡಿಕೆಯ ಅಂಶಗಳು ತಟ್ಟೆಯಿಂದ ಊಟಕ್ಕೆ ಸೇರಬಹುದು, ಹಾಗಾಗಿ ಊಟ ಬಡಿಸಲು ಈ ತಟ್ಟೆ ಸುರಕ್ಷಿತವಲ್ಲ ಎಂದು ಹೇಳಿ ಆಮದಿಗೆ ತಡೆ ಹಾಕಿತು. ವಾಷಿಂಗ್ಟನ್ನಿನ ಬಳಿ ಒಂದು ಕಚೇರಿಯಲ್ಲಿ ಒಂದು ಪತ್ರ ಹೊರಟಿತು, ನಮ್ಮ ಜಿಲ್ಲೆಯ ಶೆಡ್ಡುಗಳಲ್ಲಿ ಮಾಲು ರಾಶಿ ಬಿತ್ತು.

ಇಲ್ಲಿ ಪ್ರಶ್ನೆ ಊರಿನದ್ದು, ಉತ್ತರ ಹೊರದೇಶದ್ದು. ಆ ಸಂಸ್ಥೆ ಒಪ್ಪಬೇಕಾದರೆ ಯಾವ ಪರೀಕ್ಷೆ ಬೇಕು, ಅದನ್ನು ಯಾವ ಲ್ಯಾಬಿನಲ್ಲಿ ಮಾಡಿಸಬೇಕು, ಖರ್ಚು ಎಷ್ಟು? ಅಲ್ಲಿನ ಸಗಟು ಕೊಳ್ಳುವವರು ಬದಲಿಗೆ ಈಗ ಏನು ಕೊಳ್ಳುತ್ತಿದ್ದಾರೆ? ಬಿದಿರಿನದ್ದಾ, ಕಬ್ಬಿನ ಸಿಪ್ಪೆಯದ್ದಾ? ಊಟಕ್ಕಲ್ಲದ ಬೇರೆ ಉಪಯೋಗಕ್ಕೆ ಇದೇ ಹಾಳೆಯನ್ನು ಮಾರಬಹುದಾ? ಯುರೋಪಿನ ನಿಯಮ ಏನು ಹೇಳುತ್ತದೆ? ಶೆಡ್ಡಿನ ಯಜಮಾನರಿಗೆ ಇದನ್ನೆಲ್ಲ ವಿಚಾರಿಸಲು ಭಾಷೆಯೂ ಇಲ್ಲ, ಪುರುಸೊತ್ತೂ ಇಲ್ಲ. ನಾಲ್ಕು ಜನ ಎಂಬಿಎ ಮಕ್ಕಳು ಮೊದಲು ಒಂದು ತಿಂಗಳು ಆ ಶೆಡ್ಡಿನಲ್ಲಿ ಕುಳಿತು ಹಾಳೆ ತೊಳೆಯುವುದರಿಂದ ಪ್ಯಾಕಿಂಗ್‌ವರೆಗೆ ನೋಡಿ, ಖರ್ಚು ಲೆಕ್ಕ ಹಾಕಿ, ಆಮೇಲೆ ಮೂರು ವಾರ ಆಚೆಯ ಕೊಳ್ಳುವವರ ಗೋದಾಮುಗಳಿಗೆ ಹೋಗಿ ಬಂದರೆ, ಅದು ಕನ್ಸಲ್ಟಿಂಗ್ ಪ್ರಾಜೆಕ್ಟ್. ಅಂಥ ಮಕ್ಕಳಿಗೆ ಕೆಲಸ ಸಿಗದಿದ್ದರೆ ನನ್ನನ್ನು ಕೇಳಿ. ಘಟಕಗಳ ಒಕ್ಕೂಟವೋ ಕಾಲೇಜೋ ಬ್ಯಾಂಕೋ ಆ ಟಿಕೆಟಿಗೆ ದುಡ್ಡು ಹಾಕಿದರೆ ಅದು ಖರ್ಚಲ್ಲ, ಬಂಡವಾಳ.

ಷರತ್ತು ಅಂದೆನಲ್ಲ, ಅದು ಇಷ್ಟೆ. ಆ ಪ್ರಶ್ನೆ ಒಬ್ಬರದ್ದಾಗಿರಬೇಕು, ಉತ್ತರ ಸಿಗದಿದ್ದರೆ ಅವರಿಗೆ ನಷ್ಟ ಆಗಬೇಕು. ಹಾಗಾಗಿ ದುಡ್ಡು ಕಟ್ಟುವ ಮೊದಲು ಕಾಲೇಜನ್ನು ನಾಲ್ಕು ಮಾತು ಕೇಳಿ. ನಮ್ಮ ಕ್ಲೈಂಟ್ ಯಾರು? ಅವರ ಪ್ರಶ್ನೆ ಏನು, ಒಂದೇ ವಾಕ್ಯದಲ್ಲಿ ಹೇಳಿ. ನಮ್ಮ ವರದಿಯನ್ನು ಅಲ್ಲಿ ಓದುವವರು ಯಾರು? ಇಲ್ಲೇ ಕುಳಿತು ಸಿಗದ, ಅಲ್ಲೇ ಹೋಗಿ ಸಿಗುವ ವಿಷಯ ಯಾವುದು? ನಾಲ್ಕಕ್ಕೂ ಉತ್ತರ ಬಂದರೆ ಸಾಲ ಮಾಡಿಯಾದರೂ ಹೋಗಿ, ನಾನು ಬೇಡ ಅನ್ನುವುದಿಲ್ಲ. ಉತ್ತರದ ಬದಲು ಇನ್ನೊಂದು ಬ್ರೋಷರ್ ಕೊಟ್ಟರೆ ಎದ್ದು ಬನ್ನಿ.

ಹೋಗುವುದಾದರೆ ಊರಿನ ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ, ಬರುವಾಗ ಅದಕ್ಕೆ ಅರ್ಧ ಉತ್ತರವಾದರೂ ತನ್ನಿ. ಚಾಕಲೇಟ್ ತರುವುದು ಬೇಡ. ಅದು ಪುತ್ತೂರಿನಲ್ಲೇ ತಯಾರಾಗುತ್ತದೆ.